ಮೂಗ್ ಅಲ್ಲ, ಮೋಗ್!

ಮೂರು ತಿಂಗಳ ಹಿಂದಿನವರೆಗೂ ನಾನು ಆ ಹೆಸರನ್ನು ಮೂಗ್ ಎಂದೇ ಓದುತ್ತಿದ್ದೆ. ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಎರಡು ‘ಓ’ ಒಟ್ಟಿಗೆ ಬಂದರೆ ನಮ್ಮ ನಾಲಗೆ ತಿರುಗುವುದೇ ಹಾಗೆ. ಆಮೇಲೆ ಗೊತ್ತಾಯಿತು, ಆ ಮನುಷ್ಯ ತಮ್ಮ ಹೆಸರನ್ನು ಹೇಳಿಕೊಳ್ಳುತ್ತಿದ್ದದ್ದು ಮೋಗ್ ಎಂದು. ಜಗತ್ತಿನ ಸಂಗೀತಕ್ಕೆ ಹೊಸ ದನಿ ಕೊಟ್ಟವರನ್ನು ನಾನು ಇಷ್ಟು ದಿನ ಮೂಗರನ್ನಾಗಿ ಮಾಡಿಟ್ಟಿದ್ದೆ!

ಈ ಹೆಸರು ನನ್ನ ಕಿವಿಗೆ ಬಿದ್ದದ್ದು ಸೋದರಮಾವನಿಂದಾಗಿ. ಮಾವ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುತ್ತಾರೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವ ಮುಗಿಯುವವರೆಗೆ ಅವರಿಗೆ ಪುರುಸೊತ್ತೇ ಇರುವುದಿಲ್ಲ. ನಿಂತುಹೋದ ಹಳೆಯ ಆರ್ಕೆಸ್ಟ್ರಾವೊಂದರ ಸಾಮಾನಿನ ನಡುವೆ 1980ರ ಸುಮಾರಿನ, ಜಪಾನಿನಲ್ಲಿ ತಯಾರಾದ ಅನಲಾಗ್ ಸಿಂಥಸೈಜರ್ ಒಂದು ಮಾರಾಟಕ್ಕಿದೆ ಎಂದು ಅವರಿಗೆ ಸುದ್ದಿ ಬಂತು. ಹೇಳಿದ ಬೆಲೆ 18 ಸಾವಿರ. ಮಾವ ನನಗೆ ಫೋನ್ ಮಾಡಿದರು. ನೀನು ಎಲೆಕ್ಟ್ರಾನಿಕ್ಸ್ ಓದ್ತಿದ್ದೀಯಲ್ಲ, ಒಮ್ಮೆ ಬಂದು ನೋಡು, ತಗೋಬಹುದಾ ಬೇಡವಾ ಹೇಳು ಅಂದರು.

ನಾನು ಬಿ.ಇ. ಎಲೆಕ್ಟ್ರಾನಿಕ್ಸ್, ಆರನೇ ಸೆಮಿಸ್ಟರ್. ಅನಲಾಗ್ ಸರ್ಕ್ಯೂಟ್ಸ್ ನನ್ನ ಬ್ಯಾಕ್‌ಲಾಗ್ ವಿಷಯ! ಇನ್ನೊಂದು ಗುಟ್ಟನ್ನೂ ಹೇಳಿಬಿಡುತ್ತೇನೆ. ಕಳೆದ ಸೆಮಿಸ್ಟರಿನ ನನ್ನ ಮಿನಿ ಪ್ರಾಜೆಕ್ಟ್, ದುಡ್ಡು ಕೊಟ್ಟು ರೆಡಿಮೇಡ್ ತಂದದ್ದು. ಡಬ್ಬಿಯ ಮೇಲೆ ನನ್ನ ಹೆಸರು, ಯುಎಸ್ಎನ್ ನಂಬರ್ ಇರುವ ಚೀಟಿ ಅಂಟಿಸಿ ವೈವಾ ಮುಗಿಸಿದ್ದೆ. ಪ್ಲೇಸ್‌ಮೆಂಟಿಗೆಂದು ಮಾಡಿಕೊಂಡ ರೆಸ್ಯೂಮೆಯಲ್ಲಿ ಅದೇ ಪ್ರಾಜೆಕ್ಟ್ ಮೊದಲ ಸಾಲಿನಲ್ಲಿತ್ತು. ಇಂಥ ನಾನು ನಲವತ್ತು ವರ್ಷ ಹಳೆಯ ವಾದ್ಯದ ಯೋಗ್ಯತೆ ಅಳೆಯಬೇಕಿತ್ತು. ಮಾವನ ಹತ್ತಿರ ಎರಡು ವಾರ ಗಡುವು ಕೇಳಿ ಓದಲು ಕೂತೆ. ಹಳೆಯ ಸಿಂಥಸೈಜರ್ ಬಗ್ಗೆ ಏನು ಓದಿದರೂ ಕೊನೆಗೆ ರಾಬರ್ಟ್ ಮೋಗ್ ಎದುರಾಗುತ್ತಿದ್ದರು. ಸರ್ಕ್ಯೂಟ್ ಪಕ್ಕಕ್ಕಿಟ್ಟು ಅವರ ಕತೆಯನ್ನೇ ಓದತೊಡಗಿದೆ.

ರಾಬರ್ಟ್ ಮೋಗ್ ಹುಟ್ಟಿದ್ದು 1934ರ ಮೇ 23ರಂದು, ನ್ಯೂಯಾರ್ಕ್ ನಗರದಲ್ಲಿ. ಅಪ್ಪ ಜಾರ್ಜ್ ವಿದ್ಯುತ್ ಸರಬರಾಜು ಕಂಪನಿಯಲ್ಲಿ ಎಂಜಿನಿಯರ್. ಮನೆಯಲ್ಲೇ ಅವರದೊಂದು ಸಣ್ಣ ವರ್ಕ್‌ಶಾಪ್ ಇತ್ತು. ಮಗ ದೊಡ್ಡ ಪಿಯಾನೊ ವಾದಕನಾಗಬೇಕೆಂಬುದು ಅಮ್ಮನ ಆಸೆ. ಹುಡುಗ ಅಮ್ಮನ ಮಾತಿಗೆ ಪಿಯಾನೊ ಅಭ್ಯಾಸ ಮಾಡುತ್ತಿದ್ದ. ಬಿಡುವು ಸಿಕ್ಕ ಕೂಡಲೇ ಅಪ್ಪನ ಸೋಲ್ಡರಿಂಗ್ ಕಬ್ಬಿಣದ ಹತ್ತಿರ ಹೋಗುತ್ತಿದ್ದ. ನಮ್ಮ ಮನೆಗಳಲ್ಲಿ ಸಿಇಟಿ ರ‍್ಯಾಂಕ್ ಬಂದ ದಿನ ನಡೆಯುವ ಎಳೆದಾಟವೇ ಅಲ್ಲೂ ಇತ್ತು. ವ್ಯತ್ಯಾಸವೆಂದರೆ ಅವನು ಎರಡನ್ನೂ ಬಿಡಲಿಲ್ಲ.

ಸುಮಾರು ಹದಿನೈದರ ವಯಸ್ಸಿನಲ್ಲಿ, 1949ರಲ್ಲಿ, ಪತ್ರಿಕೆಯೊಂದರಲ್ಲಿ ಬಂದ ವಿವರ ನೋಡಿಕೊಂಡು ಅವನು ಥೆರೆಮಿನ್ ಎಂಬ ವಾದ್ಯವನ್ನು ಕಟ್ಟಿದ. ರಷ್ಯಾದ ಲಿಯಾನ್ ಥೆರೆಮಿನ್ 1920ರ ಹೊತ್ತಿಗೆ ಕಂಡುಹಿಡಿದ ಈ ವಾದ್ಯವನ್ನು ಮುಟ್ಟದೆಯೇ ನುಡಿಸಬೇಕು. ಎರಡು ಆಂಟೆನಾಗಳ ಬಳಿ ಕೈ ಆಡಿಸಿದರೆ ಒಂದು ಕೈಯಿಂದ ಶ್ರುತಿ, ಇನ್ನೊಂದರಿಂದ ದನಿಯ ಏರಿಳಿತ. ನಮ್ಮ ದೇಹವೇ ಅಲ್ಲಿ ಕೆಪಾಸಿಟರಿನ ಒಂದು ಭಾಗ. ಹುಡುಗನಿಗೆ ಅದರ ಹುಚ್ಚು ಹಿಡಿಯಿತು. ಹತ್ತೊಂಬತ್ತನೇ ವಯಸ್ಸಿಗೆ, 1954ರ ಜನವರಿಯಲ್ಲಿ, ಎಲೆಕ್ಟ್ರಾನಿಕ್ಸ್ ಪತ್ರಿಕೆಯೊಂದರಲ್ಲಿ ತನ್ನದೇ ವಿನ್ಯಾಸದ ಥೆರೆಮಿನ್ ಬಗ್ಗೆ ಲೇಖನ ಬರೆದ. ಅದೇ ವರ್ಷ ಅಪ್ಪನ ಜತೆ ಸೇರಿ ‘ಆರ್.ಎ. ಮೋಗ್’ ಹೆಸರಿನಲ್ಲಿ ಥೆರೆಮಿನ್ ಮಾರತೊಡಗಿದ. ನಮ್ಮ ಈಗಿನ ಮಾತಿನಲ್ಲಿ ಅದು ಅಪ್ಪ-ಮಗನ ಸ್ಟಾರ್ಟ್‌ಅಪ್.

ಓದು ಸಾಗುತ್ತಲೇ ಇತ್ತು. ಕ್ವೀನ್ಸ್ ಕಾಲೇಜಿನಲ್ಲಿ ಭೌತಶಾಸ್ತ್ರ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್. 1957ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಪಿಎಚ್.ಡಿ.ಗೆ ಸೇರಿದರು. ಅದು ಮುಗಿದದ್ದು 1965ರಲ್ಲಿ! ಲೆಕ್ಕ ಹಾಕಿ, ಎಂಟು ವರ್ಷ. ಕೋರ್ಸ್ ಎಳೆದುಕೊಂಡು ಹೋಗುತ್ತಿರುವ ನನ್ನಂಥವರಿಗೆ ಇದಕ್ಕಿಂತ ಸಮಾಧಾನದ ಸುದ್ದಿ ಬೇಕೇ? ಆದರೆ ಆ ಎಂಟು ವರ್ಷ ಅವರು ರೀಲ್ಸ್ ನೋಡುತ್ತ ಕೂತಿರಲಿಲ್ಲ. 1961ರಲ್ಲಿ ಟ್ರಾನ್ಸಿಸ್ಟರ್ ಬಳಸಿದ ಥೆರೆಮಿನ್ ಕಿಟ್ ಮಾಡಿ, ಬಾಡಿಗೆ ಮನೆಯಿಂದಲೇ ಸುಮಾರು ಒಂದು ಸಾವಿರ ಕಿಟ್ ಮಾರಿದರು. ಓದಿನ ಖರ್ಚನ್ನು ದುಡಿದದ್ದೂ ಅದೇ, ಓದನ್ನು ನಿಧಾನ ಮಾಡಿದ್ದೂ ಅದೇ.

ತಿರುವು ಬಂದದ್ದು 1963ರ ಕೊನೆಯಲ್ಲಿ. ಸಂಗೀತ ಶಿಕ್ಷಕರ ಸಮ್ಮೇಳನವೊಂದಕ್ಕೆ ಥೆರೆಮಿನ್ ಇಟ್ಟುಕೊಂಡು ಹೋಗಿದ್ದ ಮೋಗ್‌ಗೆ ಅಲ್ಲಿ ಹರ್ಬರ್ಟ್ ಡಾಯ್ಚ್ ಎಂಬ ಸಂಗೀತದ ಅಧ್ಯಾಪಕರು ಸಿಕ್ಕರು. ಆಗ ಎಲೆಕ್ಟ್ರಾನಿಕ್ ಸಂಗೀತ ಮಾಡುವುದೆಂದರೆ ಟೇಪಿನ ತುಂಡುಗಳನ್ನು ಬ್ಲೇಡಿನಿಂದ ಕತ್ತರಿಸಿ, ಅಂಟಿಸಿ ಜೋಡಿಸುವ ಕೆಲಸ. ಕೆಲವು ಸೆಕೆಂಡಿನ ಸಂಗೀತಕ್ಕೆ ದಿನಗಟ್ಟಲೆ ಕೂರಬೇಕು. ಇದಕ್ಕೆ ಬೇರೆ ದಾರಿ ಇಲ್ಲವೇ ಎಂಬುದು ಡಾಯ್ಚ್ ಅವರ ಪ್ರಶ್ನೆ. 1964ರ ಬೇಸಿಗೆಯಲ್ಲಿ ಅವರು ಟ್ರೂಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿದ್ದ ಮೋಗ್ ಅವರ ವರ್ಕ್‌ಶಾಪಿಗೆ ಬಂದು ಉಳಿದರು. ಒಬ್ಬರು ಕೇಳುವುದು, ಇನ್ನೊಬ್ಬರು ಕಟ್ಟುವುದು. ದನಿಗೆ ಆರಂಭ, ಅಂತ್ಯ ಕೊಡಲು ಒಂದು ಗುಂಡಿ ಬೇಕಾಯಿತು. ಹಾರ್ಡ್‌ವೇರ್ ಅಂಗಡಿಯಿಂದ ಮನೆ ಬಾಗಿಲಿನ ಕಾಲಿಂಗ್ ಬೆಲ್ ಸ್ವಿಚ್ ತಂದು ಹಾಕಿದರು! ಸಿಂಥಸೈಜರ್ ಹುಟ್ಟಿದ್ದು ಹಾಗೆ.

ಮೋಗ್ ಅವರ ಮುಖ್ಯ ಉಪಾಯವನ್ನು ಎಂಜಿನಿಯರಿಂಗ್ ಓದದವರಿಗೂ ಹೇಳಬಹುದು. ಹಾರ್ಮೋನಿಯಂನಲ್ಲಿ ಒಂದು ಮನೆಯಿಂದ ಮೇಲಿನ ಸ್ಥಾಯಿಯ ಅದೇ ಮನೆಗೆ ಹೋದರೆ ಕಂಪನ ಎರಡು ಪಟ್ಟಾಗುತ್ತದೆ. 440 ಇದ್ದದ್ದು 880, ಆಮೇಲೆ 1760. ಮೋಗ್ ಇದಕ್ಕೆ ಸರಳ ಒಪ್ಪಂದ ಮಾಡಿದರು. ಒಂದು ವೋಲ್ಟ್ ಹೆಚ್ಚಿಸಿದರೆ ಒಂದು ಸ್ಥಾಯಿ ಮೇಲೆ. ಆಸಿಲೇಟರ್ ದನಿ ಹುಟ್ಟಿಸುತ್ತದೆ, ಫಿಲ್ಟರ್ ಅದರ ಬಣ್ಣ ಬದಲಿಸುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡದು ಚಿಕ್ಕದು ಮಾಡುತ್ತದೆ. ಮೂರಕ್ಕೂ ಅಪ್ಪಣೆ ಕೊಡುವುದು ವೋಲ್ಟೇಜ್. ಅಂದರೆ ಒಂದು ಘಟಕವೇ ಇನ್ನೊಂದನ್ನು ನುಡಿಸಬಹುದು. 1964ರ ಅಕ್ಟೋಬರಿನಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಸಮಾವೇಶದಲ್ಲಿ ಅವರು ಇದನ್ನು ಮಂಡಿಸಿದರು.

ಇದರ ಗುಟ್ಟು ಟ್ರಾನ್ಸಿಸ್ಟರಿನಲ್ಲಿದೆ. ಕೋಣೆಯ ಸಾಧಾರಣ ಶಾಖದಲ್ಲಿ ಅದರ ಬೇಸ್-ಎಮಿಟರ್ ವೋಲ್ಟೇಜ್ ಸುಮಾರು 18 ಮಿಲಿವೋಲ್ಟ್ ಏರಿದರೆ ಕರೆಂಟ್ ಎರಡು ಪಟ್ಟಾಗುತ್ತದೆ. ಸ್ಥಾಯಿಯ ಗುಣಿತಕ್ಕೆ ಹೇಳಿ ಮಾಡಿಸಿದಂತೆ! ಆದರೆ ಅಲ್ಲೇ ತೊಂದರೆಯೂ ಇದೆ. ಶಾಖ ಬದಲಾದರೆ ಆ 18 ಕೂಡ ಬದಲಾಗುತ್ತದೆ, ಶ್ರುತಿ ಜಾರುತ್ತದೆ. ಆ ಕಾಲದ ಮೋಗ್ ವಾದ್ಯಗಳು ವೇದಿಕೆಯ ಬಿಸಿ ದೀಪಗಳ ಕೆಳಗೆ ಅಪಸ್ವರ ಹಿಡಿದು ಕಲಾವಿದರನ್ನು ಗೋಳು ಹೊಯ್ದುಕೊಂಡದ್ದಕ್ಕೆ ಇದೇ ಕಾರಣ. ಬ್ಯಾಕ್‌ಲಾಗ್ ಉಳಿಸಿಕೊಂಡ ಅದೇ ಅಧ್ಯಾಯದ ಸಮೀಕರಣಕ್ಕೆ ಅರ್ಥವಿದೆ ಎಂದು ನನಗೆ ಮೊದಲ ಸಲ ಅನ್ನಿಸಿದ್ದು ಇಲ್ಲಿ.

ಫಿಲ್ಟರ್ ಮೋಗ್ ಅವರ ಇನ್ನೊಂದು ಕೈಚಳಕ. ಟ್ರಾನ್ಸಿಸ್ಟರ್ ಜೋಡಿಗಳನ್ನು ಒಂದರ ಮೇಲೊಂದು ಏಣಿಯ ಮೆಟ್ಟಿಲಿನಂತೆ ಜೋಡಿಸಿ, ನಡುನಡುವೆ ಕೆಪಾಸಿಟರ್ ಇಟ್ಟದ್ದು. ಅದಕ್ಕೇ ಅದರ ಹೆಸರು ಲ್ಯಾಡರ್ ಫಿಲ್ಟರ್. 1966ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1969ರಲ್ಲಿ ಸಿಕ್ಕಿತು. ಮೋಗ್ ವಾದ್ಯದ ಆ ದಪ್ಪ, ಬೆಚ್ಚಗಿನ ದನಿಯಲ್ಲಿ ದೊಡ್ಡ ಪಾಲು ಈ ಏಣಿಯದು.

1968ರಲ್ಲಿ ವೆಂಡಿ ಕಾರ್ಲೋಸ್ ಈ ವಾದ್ಯದಲ್ಲಿ ಬಾಖ್‌ನ ಸಂಗೀತವನ್ನು ನುಡಿಸಿದ ‘ಸ್ವಿಚ್ಡ್-ಆನ್ ಬಾಖ್’ ಹೊರಬಂತು. ಯಂತ್ರಕ್ಕೆ ಒಂದು ಸಲಕ್ಕೆ ಒಂದೇ ಸ್ವರ ಹೊರಡಿಸಲು ಸಾಧ್ಯ. ಹಾಗಾಗಿ ಒಂದೊಂದೇ ಎಳೆಯನ್ನು ಟೇಪಿನಲ್ಲಿ ಸೇರಿಸುತ್ತ ಹೋಗಿ ಮುಗಿಸಿದ ತಾಳ್ಮೆಯ ಕೆಲಸ ಅದು. ಮೂರು ಗ್ರ್ಯಾಮಿ ಪ್ರಶಸ್ತಿ ಬಂತು. 1969ರ ‘ಅಬ್ಬೆ ರೋಡ್’ ಆಲ್ಬಮ್ಮಿನಲ್ಲಿ ಬೀಟಲ್ಸ್ ಕೂಡ ಮೋಗ್ ಬಳಸಿದರು. ಅದೇ 1969ರಲ್ಲಿ ಮೋಗ್ ಸಿಂಥಸೈಜರ್ ಭಾರತಕ್ಕೂ ಬಂತು ಎಂದು ಓದಿದಾಗ ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್ಐಡಿಯಲ್ಲಿ, ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಅದನ್ನಿಟ್ಟು ಸ್ಟುಡಿಯೊ ಆರಂಭಿಸಿಕೊಟ್ಟರು. ನಮ್ಮವರೂ ಅದರಲ್ಲಿ ಕೈಯಾಡಿಸಿದರು.

ಆಗಿನ ಮೋಗ್ ಯಂತ್ರವೆಂದರೆ ಬೀರುವಿನಷ್ಟು ದೊಡ್ಡದು, ಮೈತುಂಬ ವೈರು. ಕಂಪನಿಯ ಎಂಜಿನಿಯರ್ ಬಿಲ್ ಹೆಮ್‌ಸತ್ ಬಿಡುವಿನಲ್ಲಿ ಹಳೆಯ ಬಿಡಿಭಾಗಗಳನ್ನೇ ಜೋಡಿಸಿ ಕೈಯಲ್ಲಿ ಹೊರಬಹುದಾದ ಒಂದು ಮಾದರಿ ಮಾಡಿದರು. ಅದೇ ಬೆಳೆದು 1970ರಲ್ಲಿ ಮಿನಿಮೋಗ್ ಆಯಿತು. ಮೂರು ಆಸಿಲೇಟರ್, 44 ಕೀ, ಎಡಗೈಗೆ ಸ್ವರ ಬಾಗಿಸುವ ಚಕ್ರ. 1981ರವರೆಗೆ ಸುಮಾರು 12,000 ಮಿನಿಮೋಗ್ ತಯಾರಾದವು. ಇಂದು ಹಳೆಯ ಸಿಂಥಸೈಜರ್ ಹುಡುಕುವವರ ಪಟ್ಟಿಯಲ್ಲಿ ಮೊದಲ ಹೆಸರು ಅದೇ. ಸುಸ್ಥಿತಿಯಲ್ಲಿದ್ದರೆ ಬೆಲೆ ಹಲವು ಲಕ್ಷ ರೂಪಾಯಿ.

ಇಷ್ಟು ಕೇಳಿದರೆ ಮೋಗ್ ಕೋಟ್ಯಧಿಪತಿ ಆಗಿರಬೇಕು ಅನ್ನಿಸುತ್ತದಲ್ಲವೇ? ಆಗಲಿಲ್ಲ. ಅವರಿಗೆ ಸರ್ಕ್ಯೂಟ್ ಗೊತ್ತಿತ್ತು, ಲೆಕ್ಕದ ಪುಸ್ತಕ ಗೊತ್ತಿರಲಿಲ್ಲ. ದೊಡ್ಡ ಯಂತ್ರಗಳ ಬೇಡಿಕೆ ಕುಸಿಯಿತು, ಸಾಲ ಏರಿತು. ಮಿನಿಮೋಗ್ ಮಾರುಕಟ್ಟೆಗೆ ಕಾಲಿಡುವ ಹೊತ್ತಿಗೇ, 1971ರಲ್ಲಿ, ಕಂಪನಿಯನ್ನು ಮಾರಬೇಕಾಯಿತು. ಕಾರ್ಖಾನೆ ಬಫಲೊ ನಗರದ ಹತ್ತಿರಕ್ಕೆ ಹೋಯಿತು. 1973ರಲ್ಲಿ ನಾರ್ಲಿನ್ ಎಂಬ ದೊಡ್ಡ ಸಂಸ್ಥೆ ಅದನ್ನು ಕೊಂಡಿತು. ಮೋಗ್ ತಮ್ಮದೇ ಹೆಸರಿನ ಕಂಪನಿಯಲ್ಲಿ ಸಂಬಳದ ನೌಕರರಾದರು. 1977ರಲ್ಲಿ ಒಪ್ಪಂದದ ಅವಧಿ ಮುಗಿದಾಗ ಹೊರಟುಬಿಟ್ಟರು.

ಆದರೆ ಹೆಸರು ಅಲ್ಲೇ ಉಳಿಯಿತು. ಅವರು ವಿನ್ಯಾಸ ಮಾಡದ ವಾದ್ಯಗಳ ಮೇಲೂ ಮೋಗ್ ಎಂಬ ಅಕ್ಷರ ಅಚ್ಚಾಗುತ್ತಿತ್ತು. ಅತ್ತ ನಾರ್ತ್ ಕ್ಯಾರೊಲಿನಾದ ಬೆಟ್ಟಗಳ ನಡುವೆ, ಆಶ್‌ವಿಲ್ ಪಕ್ಕದ ಹಳ್ಳಿಯಲ್ಲಿ, ನಿಜವಾದ ಮೋಗ್ ಕಟ್ಟುತ್ತಿದ್ದ ವಾದ್ಯಗಳ ಮೇಲೆ ಅವರ ಹೆಸರು ಹಾಕುವಂತಿರಲಿಲ್ಲ. ಹೊಸ ಕಂಪನಿಗೆ ಅವರು ಇಟ್ಟ ಹೆಸರು ಬಿಗ್ ಬ್ರೈಯರ್.

ಈ ಸಾಲು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ತಾನು ಮಾಡಿದ್ದರ ಮೇಲೆ ಹೆಸರು ಹಾಕಲಾಗದ ಒಬ್ಬ ಎಂಜಿನಿಯರ್ ಅಲ್ಲಿ. ತಾನು ಮಾಡದ್ದರ ಮೇಲೆ ಹೆಸರು ಅಂಟಿಸಿಕೊಂಡ ಎಂಜಿನಿಯರಿಂಗ್ ವಿದ್ಯಾರ್ಥಿ ಇಲ್ಲಿ. ಆ ಮಿನಿ ಪ್ರಾಜೆಕ್ಟ್ ನನ್ನ ಟೇಬಲ್ ಮೇಲೆಯೇ ಇತ್ತು. ಅದರ ಮುಚ್ಚಳವನ್ನು ನಾನು ಒಂದು ದಿನವೂ ತೆಗೆದು ನೋಡಿರಲಿಲ್ಲ.

ಮುಂದೆ 1983ರಲ್ಲಿ ಯಮಹಾದ ಡಿಎಕ್ಸ್7 ಬಂತು. ಡಿಜಿಟಲ್ ಅಲೆಯಲ್ಲಿ ಅನಲಾಗ್ ವಾದ್ಯಗಳು ಮೂಲೆ ಸೇರಿದವು, ಮಿನಿಮೋಗ್ ಕೂಡ ಅಗ್ಗವಾಯಿತು. ಮೋಗ್ ಹೆಸರು ಹೊತ್ತ ಆ ಹಳೆಯ ಕಂಪನಿ 1980ರ ದಶಕದಲ್ಲೇ ಬಾಗಿಲು ಹಾಕಿತು. ಮೋಗ್ ಕೆಲವು ವರ್ಷ ಕರ್ಜ್‌ವೈಲ್ ಎಂಬ ಕಂಪನಿಯಲ್ಲಿ ದುಡಿದರು, ಆಮೇಲೆ ಆಶ್‌ವಿಲ್‌ನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು. ಹದಿನೈದರ ವಯಸ್ಸಿನಲ್ಲಿ ಮಾಡಿದ್ದನ್ನೇ ಮತ್ತೆ ಮಾಡಿದರು, ಅಂದರೆ ಥೆರೆಮಿನ್! ಅಷ್ಟರಲ್ಲಿ ಹೊಸ ಪೀಳಿಗೆಯ ಸಂಗೀತಗಾರರು ಅನಲಾಗ್ ದನಿಯನ್ನು ಹುಡುಕಿಕೊಂಡು ಬಂದಿದ್ದರು. ಕೊನೆಗೆ 2002ರಲ್ಲಿ ತಮ್ಮ ಹೆಸರನ್ನು ಬಳಸುವ ಹಕ್ಕು ಅವರಿಗೆ ಮರಳಿ ಸಿಕ್ಕಿತು. ಬಿಗ್ ಬ್ರೈಯರ್ ಹೋಗಿ ಮೋಗ್ ಮ್ಯೂಸಿಕ್ ಆಯಿತು. ಮಿನಿಮೋಗ್ ವಾಯೇಜರ್ ಎಂಬ ಹೊಸ ವಾದ್ಯ ಹೊರಬಂತು. ಆಗ ಅವರಿಗೆ ಅರವತ್ತೆಂಟು ವರ್ಷ. ಮೂರು ವರ್ಷ ಕಳೆಯುವುದರೊಳಗೆ ಮೆದುಳಿನ ಗಡ್ಡೆ ಕಾಣಿಸಿಕೊಂಡು, 2005ರ ಆಗಸ್ಟ್ 21ರಂದು ತೀರಿಕೊಂಡರು.

ಎರಡು ವಾರದ ಗಡುವು ಮುಗಿಯಿತು. ಮಲ್ಟಿಮೀಟರ್, ಸ್ಕ್ರೂಡ್ರೈವರ್ ಹಿಡಿದು ಮಾವನ ಬೈಕಿನ ಹಿಂದೆ ಕೂತು ಹೊರಟೆ. ವಾದ್ಯದ ಮುಖದ ಮೇಲಿನ ಕಂಪನಿಯ ಹೆಸರು ಉಜ್ಜಿ ಹೋಗಿತ್ತು. ಮಾರುವವರು ಅದಕ್ಕೇ ಮುಜುಗರಪಟ್ಟುಕೊಂಡು, ಭಾರಿ ಹೆಸರಿನ ಕಂಪನಿಯದು ಎಂದು ಮತ್ತೆ ಮತ್ತೆ ಹೇಳುತ್ತಿದ್ದರು. ನನಗೆ ಹೆಸರಿನ ಚಿಂತೆ ಇರಲಿಲ್ಲ.

ಮೊದಲು ಹಿಂಬದಿಯಲ್ಲಿ ಬರೆದ ವೋಲ್ಟೇಜ್ ನೋಡಿದೆ. ಅದು 100 ವೋಲ್ಟಿನ ಯಂತ್ರ. ನಮ್ಮ 230 ವೋಲ್ಟಿಗೆ ನೇರ ಹಾಕಿದ್ದರೆ ಅಲ್ಲೇ ಕತೆ ಮುಗಿಯುತ್ತಿತ್ತು. ಪುಣ್ಯಕ್ಕೆ ಜತೆಯಲ್ಲಿ ಟ್ರಾನ್ಸ್‌ಫಾರ್ಮರ್ ಇತ್ತು. ಆನ್ ಮಾಡಿ ಅರ್ಧ ಗಂಟೆ ಮುಟ್ಟದೆ ಬಿಟ್ಟೆ. ಮೈ ಬಿಸಿಯಾದ ಮೇಲಷ್ಟೇ ಅದರ ಶ್ರುತಿಯ ಬಗ್ಗೆ ಮಾತಾಡಬೇಕು. ಆಮೇಲೆ ಫೋನಿನ ಟ್ಯೂನರ್ ಇಟ್ಟು ಕೆಳಗಿನ ಸ್ಥಾಯಿಯಿಂದ ಮೇಲಿನವರೆಗೆ ಒಂದೇ ಸ್ವರ ಒತ್ತುತ್ತ ಹೋದೆ. ಮೇಲಿನ ಸ್ಥಾಯಿ ಸ್ವಲ್ಪ ಇಳಿದಿತ್ತು. ಒಂದೊಂದೇ ನಾಬ್ ತಿರುಗಿಸಿದೆ, ಮೂರು ಕರಕರ ಅಂದವು. ಎಲ್ಲ ಕೀ ಒತ್ತಿದೆ, ಎರಡು ಮೂಕವಾಗಿದ್ದವು. ಫಿಲ್ಟರಿನ ರೆಸೊನೆನ್ಸ್ ಪೂರ್ತಿ ಏರಿಸಿದಾಗ ಅದು ತಾನಾಗಿ ಸಿಳ್ಳೆ ಹೊಡೆಯಿತು. ಕಟ್‌ಆಫ್ ತಿರುಗಿಸಿದಂತೆ ಸಿಳ್ಳೆ ಎಲ್ಲೂ ತಡೆಯದೆ ಏರಿ ಇಳಿಯಿತು, ಅಂದರೆ ಫಿಲ್ಟರ್ ಆರೋಗ್ಯವಾಗಿದೆ. ಕೀ ಒತ್ತದಿದ್ದಾಗಲೂ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದಿತ್ತು. ಪವರ್ ಸಪ್ಲೈನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳಿಗೆ ವಯಸ್ಸಾಗಿರಬೇಕು ಅಂದುಕೊಂಡೆ. ಒಪ್ಪಿಗೆ ಕೇಳಿ ಮುಚ್ಚಳ ತೆಗೆದೆ. ಸುಟ್ಟ ಗುರುತಿಲ್ಲ, ಅಡ್ಡಾದಿಡ್ಡಿ ಸೋಲ್ಡರಿಂಗ್ ಇಲ್ಲ, ತುಕ್ಕು ಇಲ್ಲ. ಕೊಳೆ ಇತ್ತು, ಅಷ್ಟೇ.

ಇರುವ ದೋಷ ಇಷ್ಟು, ಇವೆಲ್ಲ ಸರಿಯಾಗುವಂಥವು, ಆದರೆ ಖರ್ಚಿದೆ ಎಂದು ಮಾವನಿಗೂ ಮಾರುವವರಿಗೂ ಒಟ್ಟಿಗೆ ಹೇಳಿದೆ. ಮಾತು 11 ಸಾವಿರಕ್ಕೆ ಮುಗಿಯಿತು. ಕೀಗಳ ಕಾಂಟ್ಯಾಕ್ಟ್ ಅನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದ ಮೇಲೆ ಎರಡೂ ಮೂಕ ಕೀಗಳು ಮಾತಾಡಿದವು. ನಮ್ಮೂರಿನ ರೇಡಿಯೊ ರಿಪೇರಿಯವರು ಪಕ್ಕದಲ್ಲಿ ಕೂತು ನನ್ನ ಕೈಯಿಂದಲೇ ಕೆಪಾಸಿಟರ್ ಬದಲಾಯಿಸಿಸಿದರು. ಗುಂಯ್ ಸದ್ದು ಹೋಯಿತು. ಶ್ರುತಿ ಮಾತ್ರ ಮಧ್ಯಾಹ್ನದ ಸೆಕೆಯಲ್ಲಿ ಈಗಲೂ ಸ್ವಲ್ಪ ಜಾರುತ್ತದೆ. ಮಾವ ಕಾರ್ಯಕ್ರಮಕ್ಕೆ ಅರ್ಧ ಗಂಟೆ ಮೊದಲೇ ಆನ್ ಮಾಡಿಡುತ್ತಾರೆ.

ಗೆಳೆಯರೇ, ನಾವೆಲ್ಲ ಈಗ ಮಾರಾಟಕ್ಕೆ ನಿಂತ ವಾದ್ಯಗಳ ಹಾಗೆಯೇ ಇದ್ದೇವೆ. ಪ್ಲೇಸ್‌ಮೆಂಟ್ ಅಂದರೆ ಅದೇ ತಾನೇ? ಕಾಲೇಜಿನ ಹೆಸರು, ಅಂಕಪಟ್ಟಿ, ಸರ್ಟಿಫಿಕೇಟು ಇವೆಲ್ಲ ಮುಖದ ಮೇಲಿನ ಅಕ್ಷರಗಳು. ಅವು ಬೇಡ ಎಂದು ನಾನು ಹೇಳಲಾರೆ, ಬಾಗಿಲು ತೆರೆಯಲು ಅವೂ ಬೇಕು. ಆದರೆ ಯಾರೋ ಒಬ್ಬರು ಅರ್ಧ ಗಂಟೆ ಬಿಸಿ ಮಾಡಿ, ಮುಚ್ಚಳ ತೆಗೆದು ನೋಡಿಯೇ ನೋಡುತ್ತಾರೆ. ಹೆಸರು ಕೈತಪ್ಪಿದ ಮೇಲೆ ಮೋಗ್ ಇಪ್ಪತ್ತೈದು ವರ್ಷ ಬದುಕು ನಡೆಸಿದ್ದು ಒಳಗಿದ್ದ ಕಸುಬಿನಿಂದ.

ರೆಸ್ಯೂಮೆಯಿಂದ ಆ ಮಿನಿ ಪ್ರಾಜೆಕ್ಟ್ ಸಾಲನ್ನು ಅಳಿಸಿದ್ದೇನೆ. ಜಾಗ ಖಾಲಿ ಕಂಡು ಮೊದಲ ದಿನ ಹೊಟ್ಟೆಯಲ್ಲಿ ಕಸಿವಿಸಿಯಾಯಿತು. ಈಗ ಬ್ರೆಡ್‌ಬೋರ್ಡಿನ ಮೇಲೆ ಒಂದು ವೋಲ್ಟಿಗೆ ಒಂದು ಸ್ಥಾಯಿ ಏರುವ ಸಣ್ಣ ಆಸಿಲೇಟರ್ ಕಟ್ಟುತ್ತಿದ್ದೇನೆ. ಎರಡು ಸ್ಥಾಯಿ ಸರಿಯಾಗಿ ಬರುತ್ತದೆ, ಮೂರನೆಯದು ಇನ್ನೂ ಬೇಸೂರು. ಫ್ಯಾನ್ ಹಾಕಿದರೆ ಶ್ರುತಿ ಒಂದು, ಆರಿಸಿದರೆ ಇನ್ನೊಂದು. ಅನಲಾಗ್ ಸರ್ಕ್ಯೂಟ್ಸ್ ಬ್ಯಾಕ್‌ಲಾಗ್ ಪರೀಕ್ಷೆ ಮುಂದಿನ ತಿಂಗಳಿದೆ. ಅಷ್ಟರೊಳಗೆ ಆ ಮೂರನೇ ಸ್ಥಾಯಿಯನ್ನು ಹಿಡಿಯಬೇಕು. ಹಿಡಿದ ದಿನ ಡಬ್ಬಿಯ ಮೇಲೆ ನನ್ನ ಹೆಸರು ಬರೆಯುತ್ತೇನೆ.